ರಿಕ್ವೆಸ್ಟ್ ಎಲ್ಲಿಯವರೆಗೆ ಹೋಯಿತು? ಎರಡು ಕ್ಲೌಡ್ ಅಪ್ಲಿಕೇಶನ್‌ಗಳ ನಡುವಿನ ಎಚ್‌ಟಿಟಿಪಿ ದೋಷವನ್ನು ಹುಡುಕುವ ಕ್ರಮ

ಬೆಂಗಳೂರಿನ ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ನಾವು ಶಾಲಾ ಶುಲ್ಕ ಪಾವತಿಯ ಅಪ್ಲಿಕೇಶನ್ ನೋಡಿಕೊಳ್ಳುತ್ತೇವೆ. ಅದು ಓಡುವುದು ಮುಂಬೈಯಲ್ಲಿರುವ ಕ್ಲೌಡ್ ಸರ್ವರ್‌ಗಳ ಮೇಲೆ. ಪೋಷಕರು ಹಣ ಕಟ್ಟಿದ ಕೂಡಲೇ ಅದು ಬೇರೊಂದು ಕ್ಲೌಡ್‌ನಲ್ಲಿರುವ ನಮ್ಮದೇ ರಸೀದಿ ಅಪ್ಲಿಕೇಶನ್‌ಗೆ ಎಚ್‌ಟಿಟಿಪಿ ರಿಕ್ವೆಸ್ಟ್ (ವೆಬ್‌ನ ನಿಯಮದಂತೆ ಕಳುಹಿಸುವ ಕೋರಿಕೆ) ಕಳುಹಿಸಿ, ರಸೀದಿ ಸಂಖ್ಯೆಯನ್ನು ಪಡೆದು ಪರದೆಯ ಮೇಲೆ ತೋರಿಸಬೇಕು. ಶಾಲೆಗಳು ಶುರುವಾಗುವ ಜೂನ್ ತಿಂಗಳಲ್ಲಿ ಒಮ್ಮೆ ಈ ರಿಕ್ವೆಸ್ಟ್‌ಗಳಲ್ಲಿ ಕೆಲವು ಮಾತ್ರ 502 ಎಂಬ ದೋಷ ಸೂಚಿಸುವ ಸ್ಟೇಟಸ್ ಕೋಡ್‌ನೊಂದಿಗೆ ಮರಳತೊಡಗಿದವು. ಹಣ ಹೋಗಿದೆ, ರಸೀದಿ ಬಂದಿಲ್ಲ ಎಂದು ಪೋಷಕರು ಶಾಲೆಗೂ ಶಾಲೆಯವರು ನಮಗೂ ಫೋನ್ ಮಾಡುತ್ತಿದ್ದರು. ನಾವು ಎರಡು ದಿನ ಎರಡೂ ಅಪ್ಲಿಕೇಶನ್‌ಗಳ ಕೋಡ್ ಓದಿದೆವು. ದೋಷ ಕೋಡ್‌ನಲ್ಲಿ ಇರಲೇ ಇಲ್ಲ. ಅದು ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಆ ಎರಡು ದಿನಗಳು ಮತ್ತೊಬ್ಬರಿಗೆ ವ್ಯರ್ಥವಾಗದಿರಲಿ ಎಂಬುದೇ ಈ ಬರಹದ ಉದ್ದೇಶ.

ನಮ್ಮ ಊರಿನ ಕಚೇರಿಗಳಲ್ಲಿ ಇಂಥ ಸಂದರ್ಭದಲ್ಲಿ ಮೊದಲು ಕೇಳಿಬರುವ ಮಾತುಗಳು ಎರಡು: "ಎಪಿಐ ಹಿಟ್ ಆಗ್ತಿಲ್ಲ" ಮತ್ತು "ಆ ಕಡೆ ಸರ್ವರ್ ಡೌನ್ ಇರಬೇಕು". (ಎಪಿಐ ಎಂದರೆ ಒಂದು ಅಪ್ಲಿಕೇಶನ್ ಇನ್ನೊಂದನ್ನು ಕರೆಯುವ ಬಾಗಿಲು.) ಈ ಎರಡು ಮಾತುಗಳ ಅಡಿಯಲ್ಲಿ ಹತ್ತು ಹನ್ನೆರಡು ಬೇರೆ ಬೇರೆ ದೋಷಗಳು ಅಡಗಿರಬಹುದು. ಒಂದು ರಿಕ್ವೆಸ್ಟ್ ನಮ್ಮ ಅಪ್ಲಿಕೇಶನ್‌ನಿಂದ ಹೊರಟು ಕನೆಕ್ಷನ್ ಪೂಲ್ (ಮರುಬಳಕೆಗಾಗಿ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು), ಹೊರಹೋಗುವ ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳ ರಿಕ್ವೆಸ್ಟ್‌ಗಳನ್ನು ಸಾರ್ವಜನಿಕ ವಿಳಾಸದಿಂದ ಹೊರಗೆ ಕಳುಹಿಸುವ ದ್ವಾರ), ಇಂಟರ್ನೆಟ್ ಅಥವಾ ವಿಪಿಎನ್ (ಖಾಸಗಿ ಸುರಂಗ), ಆ ಕಡೆಯ ಫೈರ್‌ವಾಲ್, ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ), ಅದರ ಹಿಂದಿನ ಎನ್‌ಜಿನ್‌ಎಕ್ಸ್ (ನಡುವೆ ನಿಂತು ರಿಕ್ವೆಸ್ಟ್ ದಾಟಿಸುವ ಪ್ರಾಕ್ಸಿ ತಂತ್ರಾಂಶ) ಇವೆಲ್ಲವನ್ನೂ ದಾಟಿಕೊಂಡು ಕೊನೆಗೆ ಆ ಅಪ್ಲಿಕೇಶನ್ ತಲುಪುತ್ತದೆ. ಈ ದಾರಿಯಲ್ಲಿ ಯಾರು ಬೇಕಾದರೂ ಅದನ್ನು ತಡೆಯಬಹುದು. ಹಲವರು ತಾವೇ ಉತ್ತರ ಬರೆದು ಹಿಂದಿರುಗಿಸಲೂಬಹುದು. ಆದ್ದರಿಂದ ರಿಕ್ವೆಸ್ಟ್ ಕೊನೆಯದಾಗಿ ಎಲ್ಲಿ ಕಂಡಿತು, ನಮ್ಮ ಕೈಗೆ ಬಂದ ಉತ್ತರವನ್ನು ಬರೆದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಲಾಗ್‌ನ (ಯಂತ್ರವೇ ಬರೆದಿಡುವ ದಾಖಲೆಯ) ಸಾಕ್ಷ್ಯ ಸಿಗುವವರೆಗೆ ಕೋಡ್ ತೆರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ವೈಫಲ್ಯವನ್ನು ಪೂರ್ತಿಯಾಗಿ ಹಿಡಿಯಿರಿ

ನೂರು ವೈಫಲ್ಯಗಳ ಗ್ರಾಫ್‌ಗಿಂತ ಒಂದೇ ಒಂದು ವೈಫಲ್ಯದ ಸಂಪೂರ್ಣ ದಾಖಲೆ ಹೆಚ್ಚು ಉಪಯುಕ್ತ. ರಿಕ್ವೆಸ್ಟ್ ಹೊರಟ ಸಮಯ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ, ಪೂರ್ಣ ಯುಆರ್‌ಎಲ್, ಮೆಥಡ್ (ಗೆಟ್, ಪೋಸ್ಟ್ ಮುಂತಾದ ರಿಕ್ವೆಸ್ಟ್‌ನ ಬಗೆ), ಕಳುಹಿಸಿದ ಹೆಡರ್‌ಗಳು (ರಿಕ್ವೆಸ್ಟ್‌ನ ಮೇಲ್ಭಾಗದ ವಿವರಗಳು), ಬಂದ ಸ್ಟೇಟಸ್ ಕೋಡ್, ಬಂದ ಹೆಡರ್‌ಗಳು ಮತ್ತು ಬಾಡಿ (ಒಳಗಿನ ವಿಷಯ), ಒಟ್ಟು ಹಿಡಿದ ಕಾಲ, ಯಾವ ಸರ್ವರ್ ಅಥವಾ ಕಂಟೇನರ್‌ನಿಂದ (ಅಪ್ಲಿಕೇಶನ್ ಓಡುವ ಪ್ರತ್ಯೇಕ ಪೆಟ್ಟಿಗೆಯಂಥ ಪರಿಸರದಿಂದ) ಹೊರಟಿತು ಎಂಬ ವಿವರ, ಇವಿಷ್ಟನ್ನೂ ಒಂದೆಡೆ ಬರೆದಿಟ್ಟುಕೊಳ್ಳಿ. ಬಾಡಿಯನ್ನು ಲಾಗ್ ಮಾಡದೆ ಸ್ಟೇಟಸ್ ಕೋಡನ್ನು ಮಾತ್ರ ಬರೆದಿಡುವ ಅಭ್ಯಾಸ ಬಹಳ ಕಡೆ ಇದೆ, ಮತ್ತು ಅದು ಬಹಳ ತೊಂದರೆ ಕೊಡುತ್ತದೆ. ನಿಮ್ಮ ಎಪಿಐ ಯಾವಾಗಲೂ ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಉತ್ತರಿಸುವುದಾಗಿದ್ದು, ಬಂದ 403 (ಅನುಮತಿ ಇಲ್ಲ) ಉತ್ತರದ ಬಾಡಿಯಲ್ಲಿ ಎಚ್‌ಟಿಎಂಎಲ್ ಪುಟ ಇದ್ದರೆ, ಆ ಉತ್ತರವನ್ನು ಬರೆದದ್ದು ಅಪ್ಲಿಕೇಶನ್ ಅಲ್ಲ, ಅದರ ಮುಂದೆ ನಿಂತ ಫೈರ್‌ವಾಲ್ ಅಥವಾ ಪ್ರಾಕ್ಸಿ ಎಂಬುದು ಬಹುಮಟ್ಟಿಗೆ ಖಚಿತ. ಇಷ್ಟು ತಿಳಿದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಸಮಯದ ವಿಷಯದಲ್ಲಿ ನಮ್ಮಲ್ಲಿ ಆಗುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ನಾವು ಗಡಿಯಾರ ನೋಡುವುದು ಭಾರತೀಯ ಕಾಲಮಾನದಲ್ಲಿ, ಕ್ಲೌಡ್ ಲಾಗ್‌ಗಳು ಹೆಚ್ಚಾಗಿ ಇರುವುದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ. ವ್ಯತ್ಯಾಸ 5 ಗಂಟೆ 30 ನಿಮಿಷ. ಬೆಳಿಗ್ಗೆ 11:42ಕ್ಕೆ ಆದ ವೈಫಲ್ಯವನ್ನು ಲಾಗ್‌ನಲ್ಲಿ 06:12ರ ಆಸುಪಾಸಿನಲ್ಲಿ ಹುಡುಕಬೇಕು. ಬೆಳಗಿನ ಜಾವ 5:30ಕ್ಕಿಂತ ಮುಂಚೆ ಆದದ್ದಾದರೆ ಯುಟಿಸಿಯಲ್ಲಿ ದಿನಾಂಕವೇ ಹಿಂದಿನದಾಗಿರುತ್ತದೆ. ಎರಡು ತಂಡಗಳು ಬೇರೆ ಬೇರೆ ಗಂಟೆಗಳ ಲಾಗ್ ನೋಡಿಕೊಂಡು "ನಮ್ಮಲ್ಲಿ ಏನೂ ಇಲ್ಲ" ಎಂದು ವಾದಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಬಳಿಕ ಕೇಳಿಕೊಳ್ಳಬೇಕಾದದ್ದು ಸ್ವರೂಪದ ಪ್ರಶ್ನೆ. ಎಲ್ಲ ರಿಕ್ವೆಸ್ಟ್‌ಗಳೂ ಸೋಲುತ್ತಿವೆಯೋ ಕೆಲವು ಮಾತ್ರವೋ? ಕೆಲವು ಮಾತ್ರ ಎಂದಾದರೆ ಅವು ಒಂದೇ ಕಂಟೇನರ್‌ನಿಂದ ಹೊರಟವೋ, ದೊಡ್ಡ ಬಾಡಿ ಉಳ್ಳವೋ, ಸ್ವಲ್ಪ ಹೊತ್ತಿನ ಬಿಡುವಿನ ನಂತರ ಹೋದವೋ? ಎಲ್ಲವೂ ಸೋಲುತ್ತಿದ್ದರೆ ಕಾರಣ ಸಾಮಾನ್ಯವಾಗಿ ಹೆಸರು, ದಾರಿ, ಸರ್ಟಿಫಿಕೇಟ್ ಅಥವಾ ಅನುಮತಿಯಲ್ಲಿ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಸೋಲುತ್ತಿದ್ದರೆ ಕಾಲ, ಸಂಖ್ಯೆ ಅಥವಾ ಗಾತ್ರಕ್ಕೆ ಸಂಬಂಧಿಸಿದ ಮಿತಿಯೊಂದನ್ನು ಹುಡುಕಬೇಕು.

ಉತ್ತರವೇ ಬಾರದಿದ್ದಾಗ

ಸ್ಟೇಟಸ್ ಕೋಡೇ ಇಲ್ಲದೆ ರಿಕ್ವೆಸ್ಟ್ ಸೋತಿದ್ದರೆ ಅದು ಎಚ್‌ಟಿಟಿಪಿಯ ಮಾತುಕತೆಗೆ ಮುಂಚೆಯೋ ಮಾತುಕತೆಯ ನಡುವೆಯೋ ಕಡಿದುಹೋಗಿದೆ ಎಂದು ಅರ್ಥ. ಇಲ್ಲಿ ಆಜ್ಞೆಯ ಮೂಲಕ ರಿಕ್ವೆಸ್ಟ್ ಕಳುಹಿಸುವ ಕರ್ಲ್ ಎಂಬ ಉಪಕರಣಕ್ಕಿಂತ ಒಳ್ಳೆಯ ಸಹಾಯಕ ಇಲ್ಲ. ಆದರೆ ಅದನ್ನು ಎಲ್ಲಿಂದ ಓಡಿಸುತ್ತೀರಿ ಎಂಬುದು ಮುಖ್ಯ. ಜಯನಗರದ ಕಚೇರಿಯ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನಿಂದ ಕೆಲಸ ಮಾಡಿತು ಎಂದರೆ ಮುಂಬೈಯ ಕಂಟೇನರ್‌ನಿಂದಲೂ ಮಾಡುತ್ತದೆ ಎಂದೇನೂ ಅಲ್ಲ. ಎರಡರ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬೇರೆ, ಹೊರಹೋಗುವ ಐಪಿ ಬೇರೆ, ದಾರಿ ಬೇರೆ. ಆದ್ದರಿಂದ ಸೋಲುತ್ತಿರುವ ಕಂಟೇನರ್‌ನ ಒಳಗಿನಿಂದಲೇ ಪರೀಕ್ಷಿಸಬೇಕು. ಕಂಟೇನರ್‌ನಲ್ಲಿ ಕರ್ಲ್ ಇಲ್ಲದಿದ್ದರೆ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಡೀಬಗ್ ಕಂಟೇನರ್ ಒಂದನ್ನು ಅದೇ ಪಾಡ್‌ಗೆ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪಿಗೆ) ಸೇರಿಸಿ ಓಡಿಸಬಹುದು.

ಕರ್ಲ್ ಕೊನೆಯಲ್ಲಿ ಕೊಡುವ ಎಕ್ಸಿಟ್ ಕೋಡ್ ನೋಡಿದರೆ ರಿಕ್ವೆಸ್ಟ್ ಯಾವ ಹಂತದಲ್ಲಿ ನಿಂತಿತು ಎಂಬುದು ತಿಳಿಯುತ್ತದೆ. 6 ಎಂದರೆ ಹೆಸರಿಗೆ ವಿಳಾಸ ಸಿಗಲಿಲ್ಲ. 7 ಎಂದರೆ ವಿಳಾಸ ಸಿಕ್ಕಿತು, ಕನೆಕ್ಷನ್ ಆಗಲಿಲ್ಲ. 28 ಎಂದರೆ ಕಾಯುವ ಅವಧಿ ಮುಗಿಯಿತು. 35 ಎಂದರೆ ಕನೆಕ್ಷನ್ ಅನ್ನು ಗೂಢಲಿಪಿಯಿಂದ ಭದ್ರಪಡಿಸುವ ಟಿಎಲ್‌ಎಸ್ ಮಾತುಕತೆ ಮುರಿಯಿತು. 60 ಎಂದರೆ ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟನ್ನು ನಂಬಲಾಗಲಿಲ್ಲ. 52 ಎಂದರೆ ಕನೆಕ್ಷನ್ ಆದರೂ ಆ ಕಡೆಯಿಂದ ಒಂದಕ್ಷರವೂ ಬರಲಿಲ್ಲ. ಇದರ ಜೊತೆಗೆ ಹೆಸರು ಹುಡುಕಲು, ಕನೆಕ್ಷನ್ ಆಗಲು, ಟಿಎಲ್‌ಎಸ್ ಮುಗಿಯಲು, ಮೊದಲ ಬೈಟ್ ಬರಲು ಎಷ್ಟೆಷ್ಟು ಹೊತ್ತು ಹಿಡಿಯಿತು ಎಂಬುದನ್ನು ಕರ್ಲ್‌ನ ರೈಟ್-ಔಟ್ ಆಯ್ಕೆ ಬಿಡಿಬಿಡಿಯಾಗಿ ತೋರಿಸುತ್ತದೆ. ನಿಧಾನದ ದೂರುಗಳಿಗೆ ಇದೇ ಮೊದಲ ಪರೀಕ್ಷೆ.

ಡಿಎನ್‌ಎಸ್‌ನಲ್ಲಿ ನೋಡಬೇಕಾದದ್ದು ಹೆಚ್ಚಿಲ್ಲ. ಡಿಗ್ ಎಂಬ ಆಜ್ಞೆಯನ್ನು ಕಂಟೇನರ್‌ನ ಒಳಗಿನಿಂದಲೂ ಹೊರಗಿನಿಂದಲೂ ಓಡಿಸಿ, ಬರುವ ಐಪಿ ವಿಳಾಸಗಳನ್ನು ಹೋಲಿಸಿ. ಖಾಸಗಿ ವಿಳಾಸ ಬರಬೇಕಾದ ಕಡೆ ಸಾರ್ವಜನಿಕ ವಿಳಾಸ ಬರುತ್ತಿದ್ದರೆ ಪ್ರೈವೇಟ್ ಝೋನ್ (ಖಾಸಗಿ ಹೆಸರುಗಳ ಪಟ್ಟಿ) ನಿಮ್ಮ ನೆಟ್‌ವರ್ಕ್‌ಗೆ ಜೋಡಣೆಯಾಗಿಲ್ಲ. ಆ ಕಡೆಯವರು ವಿಳಾಸ ಬದಲಿಸಿದ ಮೇಲೂ ನಿಮ್ಮ ಅಪ್ಲಿಕೇಶನ್ ಹಳೆಯ ವಿಳಾಸಕ್ಕೇ ಹೋಗುತ್ತಿದ್ದರೆ, ಟಿಟಿಎಲ್ (ವಿಳಾಸವನ್ನು ನೆನಪಿಟ್ಟುಕೊಳ್ಳಬಹುದಾದ ಅವಧಿ) ಮುಗಿದರೂ ಪ್ರೊಸೆಸ್ ತನ್ನ ನೆನಪಿನಲ್ಲಿ ಹಳೆಯದನ್ನು ಇಟ್ಟುಕೊಂಡಿದೆ ಅಥವಾ ತೆರೆದಿಟ್ಟ ಹಳೆಯ ಕನೆಕ್ಷನ್‌ಗಳನ್ನೇ ಬಳಸುತ್ತಿದೆ. ಕುಬರ್ನೆಟೀಸ್ ಬಳಸುವವರು ಎನ್‌ಡಾಟ್ಸ್ ಎಂಬ ಸೆಟ್ಟಿಂಗ್ ಅನ್ನೂ ಗಮನಿಸಬೇಕು. ಅದರ ಪೂರ್ವನಿಗದಿತ ಬೆಲೆ 5 ಆಗಿರುವುದರಿಂದ, ಐದಕ್ಕಿಂತ ಕಡಿಮೆ ಚುಕ್ಕಿಗಳಿರುವ ಹೊರಗಿನ ಹೆಸರಿಗೆ ಕ್ಲಸ್ಟರ್‌ನ ಒಳಹೆಸರುಗಳನ್ನು ಒಂದೊಂದಾಗಿ ಅಂಟಿಸಿ ನೋಡಿದ ಮೇಲಷ್ಟೇ ನಿಜವಾದ ಹೆಸರನ್ನು ಕೇಳಲಾಗುತ್ತದೆ. ದಟ್ಟಣೆ ಹೆಚ್ಚಿದಾಗ ಈ ವ್ಯರ್ಥ ಪ್ರಶ್ನೆಗಳೇ ಡಿಎನ್‌ಎಸ್ ಸರ್ವರನ್ನು ಬಳಲಿಸುತ್ತವೆ.

ಕನೆಕ್ಷನ್ ಹಂತದಲ್ಲಿ ಎರಡು ಬಗೆಯ ಸೋಲುಗಳನ್ನು ಬೇರೆ ಮಾಡಿ ನೋಡುವುದು ಅತ್ಯಗತ್ಯ. "ಕನೆಕ್ಷನ್ ರೆಫ್ಯೂಸ್ಡ್" ಎಂದು ತಕ್ಷಣ ಬಂದರೆ, ಅಂದರೆ ಲಿನಕ್ಸ್‌ನಲ್ಲಿ 111ನೇ ಎರರ್ ಬಂದರೆ, ಸಾಮಾನ್ಯವಾಗಿ ಪ್ಯಾಕೆಟ್ ಆ ಯಂತ್ರವನ್ನು ತಲುಪಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಅಪ್ಲಿಕೇಶನ್ ನಿಂತಿರಬಹುದು, ಇಲ್ಲವೇ ಬೇರೆ ಪೋರ್ಟ್‌ನಲ್ಲಿರಬಹುದು. ಏನೂ ಬಾರದೆ ಬಹಳ ಹೊತ್ತು ಕಾದು 110ನೇ ಎರರ್ ಆದ ಟೈಮ್‌ಔಟ್ ಬಂದರೆ, ದಾರಿಯಲ್ಲಿ ಯಾರೋ ಪ್ಯಾಕೆಟನ್ನು ಸದ್ದಿಲ್ಲದೆ ಬಿಸಾಡುತ್ತಿದ್ದಾರೆ. ಸೆಕ್ಯುರಿಟಿ ಗ್ರೂಪ್‌ಗಳು (ಕ್ಲೌಡ್‌ನ ಪ್ರವೇಶ ನಿಯಮಗಳು) ಮತ್ತು ಫೈರ್‌ವಾಲ್‌ಗಳು ಸಾಮಾನ್ಯವಾಗಿ ಮಾಡುವುದು ಇದನ್ನೇ. ಕಾಯುವ ಅವಧಿಯನ್ನು ನೀವೇ ನಿಗದಿಪಡಿಸದಿದ್ದರೆ ಲಿನಕ್ಸ್ ತನ್ನ ಆವೃತ್ತಿಗೆ ತಕ್ಕಂತೆ ಒಂದರಿಂದ ಎರಡು ನಿಮಿಷ ಪ್ರಯತ್ನಿಸುತ್ತಲೇ ಇರುತ್ತದೆ, ಮತ್ತು ಅಷ್ಟು ಹೊತ್ತು ನಿಮ್ಮ ಥ್ರೆಡ್‌ಗಳು ಸಿಕ್ಕಿಕೊಂಡಿರುತ್ತವೆ. ಕನೆಕ್ಷನ್ ಟೈಮ್‌ಔಟನ್ನು ಎರಡು ಮೂರು ಸೆಕೆಂಡುಗಳಿಗೆ ಇಳಿಸುವುದನ್ನು ಈ ಓದಿನ ನಡುವೆಯೇ ಎದ್ದು ಹೋಗಿ ಮಾಡಿದರೂ ತಪ್ಪಿಲ್ಲ.

ಬ್ಯಾಂಕು, ಪಾವತಿ ಸಂಸ್ಥೆ ಮುಂತಾದ ಪಾಲುದಾರರೊಡನೆ ಕೆಲಸ ಮಾಡುವವರಿಗೆ ಟೈಮ್‌ಔಟ್‌ನ ಮೊದಲ ಕಾರಣ ಐಪಿ ವೈಟ್‌ಲಿಸ್ಟ್. ನೀವು ಕೊಟ್ಟ ಹೊರಹೋಗುವ ಐಪಿಗಳಿಗೆ ಮಾತ್ರ ಅವರು ಬಾಗಿಲು ತೆರೆದಿರುತ್ತಾರೆ. ನೀವು ಮತ್ತೊಂದು ಝೋನ್‌ನಲ್ಲಿ (ಕ್ಲೌಡ್‌ನ ಬೇರೊಂದು ಡೇಟಾ ಕೇಂದ್ರದಲ್ಲಿ) ಹೊಸ ನ್ಯಾಟ್ ಗೇಟ್‌ವೇ ಸೇರಿಸಿದ ದಿನ ಅಲ್ಲಿಂದ ಹೊರಟ ರಿಕ್ವೆಸ್ಟ್‌ಗಳು ಮಾತ್ರ ಸೋಲುತ್ತವೆ, ಉಳಿದವು ಎಂದಿನಂತೆ ಹೋಗುತ್ತವೆ. ಮೂರರಲ್ಲಿ ಒಂದು ಭಾಗ ಸೋಲುತ್ತಿದೆ ಎಂದಾಗ ನಾನು ಮೊದಲು ಎಣಿಸುವುದು ಝೋನ್‌ಗಳನ್ನು.

ಇನ್ನೊಂದು ಕಾರಣ ಹೊರಹೋಗುವ ಪೋರ್ಟ್‌ಗಳು ಮುಗಿದುಹೋಗುವುದು. ಪ್ರತಿ ಹೊಸ ಕನೆಕ್ಷನ್‌ಗೆ ಈ ಕಡೆಯಲ್ಲಿ ಒಂದು ಪೋರ್ಟ್ ಬೇಕು. ಲಿನಕ್ಸ್ ಇದಕ್ಕಾಗಿ ಸಾಮಾನ್ಯವಾಗಿ 32768ರಿಂದ 60999ರವರೆಗಿನ ಸುಮಾರು 28 ಸಾವಿರ ಪೋರ್ಟ್‌ಗಳನ್ನು ಬಳಸುತ್ತದೆ, ಮತ್ತು ಕನೆಕ್ಷನ್ ಅನ್ನು ಈ ಕಡೆಯವರು ಮೊದಲು ಮುಚ್ಚಿದರೆ ಆ ಪೋರ್ಟ್ ಇನ್ನೂ 60 ಸೆಕೆಂಡ್ ಟೈಮ್-ವೆಯ್ಟ್ ಸ್ಥಿತಿಯಲ್ಲಿ ಉಳಿಯುತ್ತದೆ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುವ ಕೋಡ್ ಒಂದೇ ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470ಕ್ಕಿಂತ ಹೆಚ್ಚು ಬಾರಿ ಹೋದರೆ ಇಲ್ಲೇ ಎಡವುತ್ತದೆ. ನ್ಯಾಟ್ ಗೇಟ್‌ವೇಗೂ ಮಿತಿಯಿದೆ: ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ಒಂದು ಐಪಿಯಿಂದ ಒಂದೇ ಗುರಿಗೆ ಏಕಕಾಲಕ್ಕೆ 55 ಸಾವಿರ ಕನೆಕ್ಷನ್‌ಗಳು. ಎರಡಕ್ಕೂ ಪರಿಹಾರ ಒಂದೇ, ಕನೆಕ್ಷನ್‌ಗಳನ್ನು ಮರುಬಳಸುವುದು.

ಸರ್ಟಿಫಿಕೇಟ್‌ನ ವಿಷಯಕ್ಕೆ ಬಂದರೆ, "ಬ್ರೌಸರ್‌ನಲ್ಲಿ ತೆರೆಯುತ್ತೆ, ನಮ್ಮ ಕೋಡ್‌ನಿಂದ ಮಾತ್ರ ಆಗಲ್ಲ" ಎಂಬ ದೂರಿಗೆ ಬಹುಪಾಲು ಒಂದೇ ಕಾರಣ. ಆ ಕಡೆಯ ಸರ್ವರ್ ತನ್ನ ಸರ್ಟಿಫಿಕೇಟನ್ನು ಮಾತ್ರ ಕಳುಹಿಸಿ, ಅದನ್ನು ಮೂಲ ಪ್ರಾಧಿಕಾರಕ್ಕೆ ಜೋಡಿಸುವ ನಡುವಿನ ಸರ್ಟಿಫಿಕೇಟನ್ನು ಕಳುಹಿಸುತ್ತಿಲ್ಲ. ಬ್ರೌಸರ್‌ಗಳು ಆ ಕೊಂಡಿಯನ್ನು ತಾವಾಗಿಯೇ ತಂದುಕೊಳ್ಳುವುದುಂಟು; ಕರ್ಲ್, ಜಾವಾ, ಪೈಥಾನ್ ಸಾಮಾನ್ಯವಾಗಿ ತರುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಆಜ್ಞೆ ಓಡಿಸಿದರೆ ಸರ್ವರ್ ಕಳುಹಿಸಿದ ಇಡೀ ಸರಪಳಿ ಕಣ್ಣಿಗೆ ಬೀಳುತ್ತದೆ. ಎರಡನೆಯ ಕಾರಣ ನಂಬಬಹುದಾದ ಮೂಲ ಪ್ರಾಧಿಕಾರಗಳ, ನಮ್ಮ ಕಡೆಯ ಹಳೆಯ ಪಟ್ಟಿ. 2021ರ ಸೆಪ್ಟೆಂಬರ್ 30ರಂದು ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ ಮುಗಿದಾಗ, ಸರಿಯಾಗಿಯೇ ಇದ್ದ ಸರ್ವರ್‌ಗಳಿಗೂ ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಯಂತ್ರಗಳಿಂದ ಕನೆಕ್ಷನ್ ಆಗಲಿಲ್ಲ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸುವ ನಿರ್ಧಾರವಾಗಿರುವುದರಿಂದ, ಕೈಯಿಂದ ನವೀಕರಿಸುವ ಪದ್ಧತಿ ಇನ್ನು ನಡೆಯುವಂಥದ್ದಲ್ಲ. ಇದೆಲ್ಲದರ ನಡುವೆ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡಿ ಕೆಲಸ ಮುಗಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಆ ಒಂದು ಸಾಲು ಪ್ರೊಡಕ್ಷನ್‌ಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ಮತ್ತು ಅದರ ಮೂಲಕ ಹರಿಯುವುದು ಇತರರ ಹಣದ ಮಾಹಿತಿ.

ಎರಡು ಕ್ಲೌಡ್‌ಗಳ ನಡುವೆ ವಿಪಿಎನ್ ಸುರಂಗ ಇದ್ದರೆ ಇನ್ನೊಂದು ವಿಚಿತ್ರ ಲಕ್ಷಣ ಕಾಣಬಹುದು: ಸಣ್ಣ ರಿಕ್ವೆಸ್ಟ್‌ಗಳು ಹೋಗುತ್ತವೆ, ದೊಡ್ಡವು ಕನೆಕ್ಷನ್ ಆದ ಮೇಲೆ ಹಾಗೆಯೇ ನಿಂತುಬಿಡುತ್ತವೆ. ಸುರಂಗದಲ್ಲಿ ಸಾಗಬಲ್ಲ ಪ್ಯಾಕೆಟ್ 1500 ಬೈಟ್‌ಗಿಂತ ಚಿಕ್ಕದು, ಒಳಗಿನ ನೆಟ್‌ವರ್ಕ್ ಕಳುಹಿಸುತ್ತಿರುವುದು ಅದಕ್ಕಿಂತ ದೊಡ್ಡದು, "ಚಿಕ್ಕದು ಮಾಡಿ ಕಳುಹಿಸಿ" ಎನ್ನುವ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆಯುತ್ತಿದೆ. ಪ್ಯಾಕೆಟ್‌ನ ಗರಿಷ್ಠ ಗಾತ್ರವಾದ ಎಂಟಿಯು ಅಥವಾ ಅದರೊಳಗಿನ ದತ್ತಾಂಶದ ಮಿತಿಯಾದ ಎಂಎಸ್‌ಎಸ್ ಇಳಿಸಿದರೆ ಸರಿಹೋಗುತ್ತದೆ.

ಉತ್ತರ ಬಂದಿದೆ, ಆದರೆ ನಾಲ್ಕುನೂರರ ಸಾಲಿನದು

400ರ ಸಾಲಿನ ಉತ್ತರ ಬಂದರೆ ದಾರಿ ಸರಿಯಿದೆ, ನಾವು ಕಳುಹಿಸಿದ್ದನ್ನು ಯಾರೋ ಓದಿ ಒಪ್ಪಲಿಲ್ಲ ಎಂದು ತಿಳಿಯಬೇಕು. ಇವು ಹೋಲಿಕೆಯಲ್ಲಿ ಸುಲಭ. 401 ಗುರುತಿನ ಪ್ರಶ್ನೆ, 403 ಅನುಮತಿಯ ಪ್ರಶ್ನೆ. ಟೋಕನ್ (ಗುರುತು ಸಾಬೀತುಪಡಿಸುವ ಚೀಟಿ) ಈಗಷ್ಟೇ ಪಡೆದದ್ದಾಗಿದ್ದರೂ 401 ಬರುತ್ತಿದ್ದರೆ ಎರಡೂ ಯಂತ್ರಗಳ ಗಡಿಯಾರ ಹೋಲಿಸಿ. ಒಂದು ನಿಮಿಷದ ವ್ಯತ್ಯಾಸವೂ ಟೋಕನ್ ಅನ್ನು "ಇನ್ನೂ ಜಾರಿಗೆ ಬಂದಿಲ್ಲ" ಎನ್ನುವಂತೆ ಮಾಡಬಲ್ಲದು. 404 (ಕೇಳಿದ್ದು ಸಿಗಲಿಲ್ಲ) ಬಂದಾಗ ಪ್ರಾಕ್ಸಿ ಯುಆರ್‌ಎಲ್‌ನ ಮುಂಭಾಗವನ್ನು ಕತ್ತರಿಸಿ ಕಳುಹಿಸುತ್ತಿದೆಯೇ ನೋಡಿ. ದೊಡ್ಡ ಕಡತಕ್ಕೆ ಮಾತ್ರ 413 ಬರುತ್ತಿದ್ದರೆ ಎನ್‌ಜಿನ್‌ಎಕ್ಸ್‌ನ ಬಾಡಿ ಮಿತಿ ಕಾರಣವಿರಬಹುದು, ಅದರ ಪೂರ್ವನಿಗದಿತ ಬೆಲೆ ಕೇವಲ 1 ಎಂಬಿ. 429 (ರಿಕ್ವೆಸ್ಟ್‌ಗಳು ಅತಿಯಾದವು) ಬಂದರೆ ರಿಟ್ರೈ-ಆಫ್ಟರ್ ಹೆಡರ್ ಇದೆಯೇ ನೋಡಿ, ಅದರಲ್ಲಿ ಸೆಕೆಂಡುಗಳೋ ದಿನಾಂಕವೋ ಇರುತ್ತದೆ. ಅಷ್ಟು ಕಾಯುವುದು ಸೌಜನ್ಯವೂ ಹೌದು, ವಿವೇಕವೂ ಹೌದು.

ಒಂದು ಮೋಸದ ಪ್ರಕರಣವಿದೆ. ಎಚ್‌ಟಿಟಿಪಿ ವಿಳಾಸಕ್ಕೆ ಪೋಸ್ಟ್ ಕಳುಹಿಸುತ್ತೀರಿ, ಆ ಕಡೆಯ ಪ್ರಾಕ್ಸಿ 301 ಅಥವಾ 302 ಕೊಟ್ಟು ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತದೆ, ಅನೇಕ ಲೈಬ್ರರಿಗಳು ಆಗ ಪೋಸ್ಟನ್ನು ಗೆಟ್ ಆಗಿ ಬದಲಿಸಿ ಬಾಡಿಯನ್ನು ಬಿಟ್ಟುಬಿಡುತ್ತವೆ. ಆ ಅಪ್ಲಿಕೇಶನ್ 405 (ಈ ಮೆಥಡ್ ಒಪ್ಪುವುದಿಲ್ಲ) ಎನ್ನುತ್ತದೆ, ನೀವು "ನಾನು ಪೋಸ್ಟೇ ಕಳುಹಿಸಿದ್ದು" ಎನ್ನುತ್ತೀರಿ, ಇಬ್ಬರೂ ಹೇಳುವುದು ನಿಜ. ಯುಆರ್‌ಎಲ್ ಸರಿಪಡಿಸುವುದೇ ಪರಿಹಾರ. ಆ ಕಡೆಯವರು ಮೆಥಡ್ ಉಳಿಸಿಕೊಳ್ಳುವ 307 ಅಥವಾ 308 ಬಳಸಬಹುದು.

502, 503, 504

ಎಚ್‌ಟಿಟಿಪಿಯ ಈಗಿನ ನಿಯಮಗಳಿರುವ, 2022ರ ಜೂನ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 9110ರ ಪ್ರಕಾರ 502 ಮತ್ತು 504 ಎರಡೂ ನಡುವೆ ನಿಂತ ಗೇಟ್‌ವೇ ಅಥವಾ ಪ್ರಾಕ್ಸಿಯ ಮಾತುಗಳು. 502 ಎಂದರೆ "ಹಿಂದಿನವರು ಕೊಟ್ಟ ಉತ್ತರ ಸರಿಯಾಗಿರಲಿಲ್ಲ", 504 ಎಂದರೆ "ಹಿಂದಿನವರು ಸಮಯಕ್ಕೆ ಉತ್ತರಿಸಲಿಲ್ಲ". ಅಂದರೆ ಇವನ್ನು ಅಪ್ಲಿಕೇಶನ್‌ನ ಲಾಗ್‌ನಲ್ಲಿ ಹುಡುಕಿದರೆ ಸಿಗದಿರುವುದೇ ಸಹಜ. ನಾವು ಆ ಜೂನ್‌ನಲ್ಲಿ ಎರಡು ದಿನ ಮಾಡಿದ್ದು ಇದೇ ತಪ್ಪು: ರಸೀದಿ ಅಪ್ಲಿಕೇಶನ್‌ನ ಲಾಗ್‌ನಲ್ಲಿ 502 ಇಲ್ಲ, ಆದ್ದರಿಂದ ರಿಕ್ವೆಸ್ಟ್ ಅಲ್ಲಿಗೆ ಬಂದೇ ಇಲ್ಲ ಎಂದು ತಿಳಿದೆವು.

ಮೂರನೆಯ ದಿನ ಲೋಡ್ ಬ್ಯಾಲೆನ್ಸರ್‌ನ ಲಾಗ್ ತೆರೆದೆವು. ಇಂಥ ಲಾಗ್‌ಗಳಲ್ಲಿ ಲೋಡ್ ಬ್ಯಾಲೆನ್ಸರ್ ಹೊರಗೆ ಕೊಟ್ಟ ಕೋಡ್ ಒಂದು ಅಂಕಣದಲ್ಲಿ, ಹಿಂದಿನ ಅಪ್ಲಿಕೇಶನ್ ತನಗೆ ಕೊಟ್ಟ ಕೋಡ್ ಮತ್ತೊಂದು ಅಂಕಣದಲ್ಲಿ ಇರುತ್ತದೆ. ಮೊದಲನೆಯದರಲ್ಲಿ 502 ಇತ್ತು, ಎರಡನೆಯದರಲ್ಲಿ ಒಂದು ಅಡ್ಡಗೆರೆ ಮಾತ್ರ. ಎರಡೂ ಅಂಕಣಗಳಲ್ಲಿ 502 ಇದ್ದಿದ್ದರೆ ದೋಷ ಇನ್ನೂ ಹಿಂದೆ ಇದೆ ಎಂದಾಗುತ್ತಿತ್ತು. ಅಡ್ಡಗೆರೆಯ ಅರ್ಥ, ರಿಕ್ವೆಸ್ಟ್ ಲೋಡ್ ಬ್ಯಾಲೆನ್ಸರ್‌ವರೆಗೆ ಬಂದಿದೆ, ಅಪ್ಲಿಕೇಶನ್‌ನಿಂದ ಉತ್ತರ ಬಂದಿಲ್ಲ. ಕಾದ ಅವಧಿಯೂ ಕೆಲವೇ ಮಿಲಿಸೆಕೆಂಡ್, ಆದ್ದರಿಂದ ಟೈಮ್‌ಔಟ್ ಅಲ್ಲ. ಅಪ್ಲಿಕೇಶನ್ ಕನೆಕ್ಷನ್ ಅನ್ನು ಮುಚ್ಚಿತ್ತು.

ಕಾರಣ ಕೀಪ್-ಅಲೈವ್. ಒಮ್ಮೆ ತೆರೆದ ಕನೆಕ್ಷನ್ ಅನ್ನು ಮುಂದಿನ ರಿಕ್ವೆಸ್ಟ್‌ಗಾಗಿ ಎಷ್ಟು ಹೊತ್ತು ಸುಮ್ಮನೆ ಇಟ್ಟುಕೊಳ್ಳಬೇಕು ಎಂಬುದನ್ನು ಎರಡೂ ಕಡೆಯವರು ಪ್ರತ್ಯೇಕವಾಗಿ ನಿರ್ಧರಿಸುತ್ತಾರೆ. ನಮ್ಮ ಲೋಡ್ ಬ್ಯಾಲೆನ್ಸರ್ 60 ಸೆಕೆಂಡ್ ಇಟ್ಟುಕೊಳ್ಳುತ್ತಿತ್ತು. ನೋಡ್ ಜೆಎಸ್‌ನಲ್ಲಿ ಬರೆದ ನಮ್ಮ ರಸೀದಿ ಅಪ್ಲಿಕೇಶನ್ ಇಟ್ಟುಕೊಳ್ಳುತ್ತಿದ್ದದ್ದು 5 ಸೆಕೆಂಡ್; ನಾವು ಬಳಸುತ್ತಿದ್ದ ಆವೃತ್ತಿಯ ಪೂರ್ವನಿಗದಿತ ಬೆಲೆಯನ್ನು ನಾವು ಬದಲಿಸಿರಲೇ ಇಲ್ಲ. ಐದನೆಯ ಸೆಕೆಂಡಿಗೆ ಅಪ್ಲಿಕೇಶನ್ ಕನೆಕ್ಷನ್ ಮುಚ್ಚಲು ಹೊರಟ ಅದೇ ಗಳಿಗೆಯಲ್ಲಿ ಲೋಡ್ ಬ್ಯಾಲೆನ್ಸರ್ ಅದೇ ಕನೆಕ್ಷನ್ ಮೇಲೆ ಹೊಸ ರಿಕ್ವೆಸ್ಟ್ ಕಳುಹಿಸಿದರೆ, ಮುಚ್ಚುವ ಸಂದೇಶವೂ ರಿಕ್ವೆಸ್ಟೂ ದಾರಿಯಲ್ಲಿ ಒಂದನ್ನೊಂದು ದಾಟಿಹೋಗುತ್ತವೆ, ಫಲ 502. ಇದು ಯಾವಾಗಲೋ ಒಮ್ಮೆ ಆಗುವುದು ಎಂಬಂತೆ ಕಂಡರೂ ದಟ್ಟಣೆಯ ದಿನ ಸಂಖ್ಯೆ ಏರುತ್ತದೆ, ಎಣಿಕೆಗೂ ಸಿಗುತ್ತದೆ. ಅಪ್ಲಿಕೇಶನ್‌ನ ಕೀಪ್-ಅಲೈವ್ ಅವಧಿಯನ್ನು 65 ಸೆಕೆಂಡಿಗೆ ಏರಿಸಿದ ಸಂಜೆಯಿಂದ ಆ 502ಗಳು ನಿಂತವು.

ಇದರಿಂದ ಸಿಗುವ ನಿಯಮ ಸರಳ: ರಿಕ್ವೆಸ್ಟ್ ಕಳುಹಿಸುವವರು ಖಾಲಿ ಕನೆಕ್ಷನ್ ಅನ್ನು ಮೊದಲು ಮುಚ್ಚಬೇಕು, ಸ್ವೀಕರಿಸುವವರು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡಬೇಕು. ಸರಪಳಿಯ ಪ್ರತಿಯೊಂದು ಜೋಡಿಗೂ ಇದು ಅನ್ವಯಿಸುತ್ತದೆ. ನಡುವಿನ ನ್ಯಾಟ್ ಕೂಡ ಲೆಕ್ಕಕ್ಕೆ ಬರಬೇಕು. ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್ ಅನ್ನು ಮರೆತುಬಿಡುತ್ತದೆ, ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಲೋಡ್ ಬ್ಯಾಲೆನ್ಸರ್‌ನ ಪೂರ್ವನಿಗದಿತ ಅವಧಿ 4 ನಿಮಿಷ. ಕನೆಕ್ಷನ್ ಪೂಲ್‌ನ ಖಾಲಿ ಅವಧಿ ಇದಕ್ಕಿಂತ ಹೆಚ್ಚಿದ್ದರೆ, ಊಟದ ಬಿಡುವಿನ ನಂತರದ ಮೊದಲ ರಿಕ್ವೆಸ್ಟ್ ಮಾತ್ರ "ಕನೆಕ್ಷನ್ ರೀಸೆಟ್" ಎಂದು ಸೋಲುವುದನ್ನು ನೀವು ಕಾಣುತ್ತೀರಿ.

504ರಲ್ಲಿ ನೋಡಬೇಕಾದದ್ದು ಸಂಖ್ಯೆಯ ಅಚ್ಚುಕಟ್ಟು. ಸೋತ ರಿಕ್ವೆಸ್ಟ್‌ಗಳೆಲ್ಲವೂ ಸರಿಯಾಗಿ 60 ಸೆಕೆಂಡಿಗೋ 30 ಸೆಕೆಂಡಿಗೋ 29 ಸೆಕೆಂಡಿಗೋ ಮುಗಿಯುತ್ತಿದ್ದರೆ ಅದು ಯಾರದೋ ಸೆಟ್ಟಿಂಗ್. ಎನ್‌ಜಿನ್‌ಎಕ್ಸ್‌ನ ಓದುವ ಟೈಮ್‌ಔಟ್ ಪೂರ್ವನಿಗದಿಯಂತೆ 60, ಎಡಬ್ಲ್ಯುಎಸ್ ಎಪಿಐ ಗೇಟ್‌ವೇಯಲ್ಲಿ ಅದು 29. ಆದರೆ ಆ ಸಂಖ್ಯೆಯನ್ನು ಏರಿಸುವುದಕ್ಕೆ ಮುಂಚೆ ಹಿಂದಿನ ಅಪ್ಲಿಕೇಶನ್ ಅಷ್ಟು ಹೊತ್ತು ಏನು ಮಾಡುತ್ತಿತ್ತು ಎಂದು ಕೇಳಿ. ಡೇಟಾಬೇಸ್ ಕನೆಕ್ಷನ್‌ಗಾಗಿ ಸರದಿಯಲ್ಲಿ ನಿಂತಿರುವುದೇ ಹೆಚ್ಚು. ಟೈಮ್‌ಔಟ್‌ಗಳು ಹೊರಗಿನಿಂದ ಒಳಕ್ಕೆ ಹೋದಂತೆ ಕಿರಿದಾಗಬೇಕು. ಹೊರಗಿನವರು 10 ಸೆಕೆಂಡಿಗೆ ಕೈಬಿಟ್ಟು ಒಳಗಿನವರು 60 ಸೆಕೆಂಡ್ ದುಡಿದರೆ ಯಾರಿಗೂ ಬೇಡವಾದ ಉತ್ತರ ತಯಾರಾಗುತ್ತದೆ.

503 (ಸೇವೆ ಸದ್ಯ ಲಭ್ಯವಿಲ್ಲ) ಹೊಸ ಆವೃತ್ತಿ ಹಾಕುವ ಹೊತ್ತಿಗೇ ಬರುತ್ತಿದ್ದರೆ, ಹಳೆಯ ಪಾಡ್‌ಗೆ ನಿಲ್ಲುವ ಸೂಚನೆ ಹೋಗುವುದೂ ಅದನ್ನು ಸರ್ವಿಸ್‌ನ ಪಟ್ಟಿಯಿಂದ ತೆಗೆಯುವುದೂ ಕುಬರ್ನೆಟೀಸ್‌ನಲ್ಲಿ ಏಕಕಾಲಕ್ಕೆ ಶುರುವಾಗುತ್ತವೆ ಎಂಬುದನ್ನು ನೆನಪಿಸಿಕೊಳ್ಳಿ. ಪಾಡ್ ತಕ್ಷಣ ನಿಂತರೆ, ಪಟ್ಟಿಯಲ್ಲಿ ಇನ್ನೂ ಅದರ ಹೆಸರಿರುವಷ್ಟು ಹೊತ್ತು ರಿಕ್ವೆಸ್ಟ್‌ಗಳು ಖಾಲಿ ಮನೆಯ ಬಾಗಿಲು ತಟ್ಟುತ್ತವೆ. ನಿಲ್ಲುವ ಮುನ್ನ ಕೆಲವು ಸೆಕೆಂಡ್ ಕಾಯುವ ಪ್ರೀ-ಸ್ಟಾಪ್ ಹುಕ್ ಹಾಕಿದರೆ ಸಾಕು.

ಮತ್ತೆ ಕಳುಹಿಸುವ ಮುನ್ನ

ದೋಷ ಹುಡುಕುವಾಗಲೇ ಯಾರಾದರೂ "ರಿಟ್ರೈ ಹಾಕಿಬಿಡೋಣ" ಎನ್ನುತ್ತಾರೆ. ಇಲ್ಲಿ ನಿಧಾನಿಸಬೇಕು. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದಲ್ಲ. ರಸೀದಿ ತಯಾರಾಗಿ ಡೇಟಾಬೇಸ್ ಸೇರಿದ ಮೇಲೆ, ಉತ್ತರ ಹಿಂದಿರುಗುವ ದಾರಿಯಲ್ಲಿ ಕನೆಕ್ಷನ್ ಕಡಿದಿರಬಹುದು. ನಾವು ಅವಸರದಲ್ಲಿ ರಿಟ್ರೈ ಹಾಕಿದ ಒಂದು ದಿನ ಕೆಲವು ಪೋಷಕರಿಗೆ ಒಂದೇ ಪಾವತಿಗೆ ಎರಡು ರಸೀದಿಗಳು ಹೋದವು, ಶಾಲೆಯ ಲೆಕ್ಕಪತ್ರ ಹೊಂದಿಸಲು ಅಲ್ಲಿನ ಸಿಬ್ಬಂದಿ ವಾರವಿಡೀ ಕುಳಿತರು. ಅವರಿಗೆ ಆದ ಶ್ರಮಕ್ಕೆ ಕಾರಣ ನಾವು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಗೆಟ್, ಪುಟ್, ಡಿಲೀಟ್‌ಗಳನ್ನು ಎಷ್ಟು ಬಾರಿ ಮಾಡಿದರೂ ಪರಿಣಾಮ ಒಂದೇ ಇರಬೇಕು ಎಂಬುದು ಎಚ್‌ಟಿಟಿಪಿಯ ನಿಯಮ. ಪೋಸ್ಟ್‌ಗೆ ಆ ಭರವಸೆ ಇಲ್ಲ. ಆದ್ದರಿಂದ ಪ್ರತಿ ಪೋಸ್ಟ್‌ನ ಜೊತೆಗೆ ಪಾವತಿಯ ಸಂಖ್ಯೆಯಂಥ ಒಂದು ಖಚಿತ ಗುರುತನ್ನು ಕಳುಹಿಸಿ, ಆ ಗುರುತಿನ ರಿಕ್ವೆಸ್ಟ್ ಎರಡನೆಯ ಬಾರಿ ಬಂದರೆ ಹೊಸ ರಸೀದಿ ಮಾಡದೆ ಹಳೆಯದನ್ನೇ ಹಿಂದಿರುಗಿಸುವಂತೆ ಆ ಕಡೆ ವ್ಯವಸ್ಥೆ ಮಾಡಿ, ಬಳಿಕ ರಿಟ್ರೈ ಹಾಕಿ. ಪ್ರಯತ್ನಗಳ ನಡುವಿನ ಅಂತರ ದುಪ್ಪಟ್ಟಾಗುತ್ತಾ ಹೋಗಲಿ, ಅದರಲ್ಲಿ ಸ್ವಲ್ಪ ಯಾದೃಚ್ಛಿಕತೆಯೂ ಇರಲಿ, ಇಲ್ಲದಿದ್ದರೆ ಎಲ್ಲ ಕಂಟೇನರ್‌ಗಳೂ ಒಂದೇ ಕ್ಷಣಕ್ಕೆ ಮತ್ತೆ ಮುಗಿಬೀಳುತ್ತವೆ. ಹಾಗೆಯೇ ರಿಟ್ರೈ ಒಂದೇ ಪದರದಲ್ಲಿರಲಿ. ಮೂರು ಪದರಗಳಲ್ಲಿ ಪ್ರತಿಯೊಂದೂ ಮೂರು ಬಾರಿ ಪ್ರಯತ್ನಿಸಿದರೆ ಕೊನೆಯ ಸರ್ವರ್‌ಗೆ ಒಂದು ರಿಕ್ವೆಸ್ಟ್ 27 ಬಾರಿ ಬೀಳುತ್ತದೆ, ಅದೂ ಆ ಸರ್ವರ್ ಆಗಲೇ ಬಳಲಿರುವಾಗ.

ಆ ಕಡೆಯ ತಂಡಕ್ಕೆ ಬರೆಯುವಾಗ

ಸಾಕ್ಷ್ಯ ಕೈಯಲ್ಲಿದ್ದರೆ ಪತ್ರ ಚಿಕ್ಕದಾಗುತ್ತದೆ. ನಾವು ಈಗ ಹೀಗೆ ಬರೆಯುತ್ತೇವೆ:

"ನಮಸ್ಕಾರ ಸರ್. ಇಂದು ಭಾರತೀಯ ಕಾಲಮಾನ 11:42:07.318ಕ್ಕೆ, ಅಂದರೆ ಯುಟಿಸಿ 06:12:07.318ಕ್ಕೆ, ನಮ್ಮ 203.0.113.25 ಐಪಿಯಿಂದ ನಿಮ್ಮ ಎಪಿಐ ವಿಳಾಸಕ್ಕೆ ಹೋದ ಪೋಸ್ಟ್ ರಿಕ್ವೆಸ್ಟ್‌ಗೆ 9 ಮಿಲಿಸೆಕೆಂಡಿನಲ್ಲಿ 502 ಬಂದಿದೆ. ಟಿಎಲ್‌ಎಸ್ ಪೂರ್ಣಗೊಂಡಿದೆ. ಉತ್ತರದ ಬಾಡಿ ಎಚ್‌ಟಿಎಂಎಲ್ ಆಗಿದೆ. ಟ್ರೇಸ್ ಐಡಿ ಮತ್ತು ಹೆಡರ್‌ಗಳನ್ನು ಲಗತ್ತಿಸಿದ್ದೇವೆ. ಈ ಐಡಿ ನಿಮ್ಮ ಲೋಡ್ ಬ್ಯಾಲೆನ್ಸರ್ ಲಾಗ್‌ನಲ್ಲಿ ಇದೆಯೇ, ಇದ್ದರೆ ಹಿಂದಿನ ಅಪ್ಲಿಕೇಶನ್ ಕೊಟ್ಟ ಕೋಡ್ ಯಾವುದು ಎಂದು ದಯವಿಟ್ಟು ತಿಳಿಸಿ."

ಇಂಥ ಪತ್ರಕ್ಕೆ "ನಮ್ಮಲ್ಲಿ ಎಲ್ಲ ಸರಿ ಇದೆ" ಎಂಬ ಉತ್ತರ ಬರುವುದು ಕಷ್ಟ, ಏಕೆಂದರೆ ಇದು ದೂರುವುದಿಲ್ಲ, ಒಂದು ನಿರ್ದಿಷ್ಟ ಸಾಲನ್ನು ಹುಡುಕಲು ಕೇಳುತ್ತದೆ. ಇದರಲ್ಲಿರುವ ಟ್ರೇಸ್ ಐಡಿ ಮೊದಲೇ ಇರಬೇಕಾದದ್ದು ಮುಖ್ಯ. 2020ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಶಿಫಾರಸು ಮಾಡಿದ ಟ್ರೇಸ್‌ಪೇರೆಂಟ್ ಹೆಡರ್‌ನಲ್ಲಿ 32 ಹೆಕ್ಸ್ ಅಕ್ಷರಗಳ ಒಂದು ಗುರುತು ಇಡೀ ದಾರಿಯುದ್ದಕ್ಕೂ ಬದಲಾಗದೆ ಸಾಗುತ್ತದೆ. ರಿಕ್ವೆಸ್ಟ್‌ನ ಜಾಡು ಹಿಡಿಯುವ ಓಪನ್‌ಟೆಲಿಮೆಟ್ರಿ ಲೈಬ್ರರಿಗಳು ಇದನ್ನು ತಾವಾಗಿಯೇ ಸೇರಿಸುತ್ತವೆ. ಎರಡೂ ಅಪ್ಲಿಕೇಶನ್‌ಗಳ ಪ್ರತಿ ಲಾಗ್ ಸಾಲಿನಲ್ಲಿ, ಸಾಧ್ಯವಾದರೆ ಎನ್‌ಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್‌ನಲ್ಲೂ, ಈ ಗುರುತು ಅಚ್ಚಾಗುವಂತೆ ಮಾಡಿ. ಹೆಡರ್‌ಗಳನ್ನು ಹಂಚಿಕೊಳ್ಳುವಾಗ ಆಥರೈಸೇಶನ್ ಮತ್ತು ಕುಕೀ ಹೆಡರ್‌ಗಳ ಬೆಲೆಯನ್ನು ಅಳಿಸಿ ಕಳುಹಿಸಿ. ಅಳಿಸದೆ ಒಮ್ಮೆ ಹೋಗಿಬಿಟ್ಟಿದ್ದರೆ, ಆ ಟೋಕನ್ ಅನ್ನು ಅದೇ ದಿನ ರದ್ದುಮಾಡಿ ಹೊಸದನ್ನು ಪಡೆಯಿರಿ.